ಬೀಮಿನೊಳಗಿನ ಸಳಿ ಎಲ್ಲಿರಬೇಕು? – ಮನೆ ಕಟ್ಟಿಸುವ ಅಕ್ಕ-ತಂಗಿಯರಿಗೆ ಕೆಲವು ಮಾತು

(ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಸಂಸ್ಥೆಯ ಪರವಾಗಿ ಆಡಿದ ಮಾತುಗಳ ಬರಹರೂಪ)



ಮೊದಲೆಲ್ಲ ಸಂಘದ ಸಾಲ ಅಂದ್ರೆ ಎಮ್ಮೆ, ಆಡು, ಹೊಲಿಗೆ ಯಂತ್ರ, ಮಗ್ಗದ ನೂಲು, ಮಕ್ಕಳ ಫೀ. ಈಗ ಅರ್ಜಿಗಳನ್ನು ಓದುತ್ತಾ ಹೋದರೆ ಮನೆ ರಿಪೇರಿ, ಸ್ಲ್ಯಾಬ್ ಹಾಕಿಸೋದು, ಮುಂದೊಂದು ಖೋಲಿ ತೆಗೆಯೋದು, ಇಂಥವೇ ಹೆಚ್ಚು ಬರ್ತಾವ. ತಪ್ಪಲ್ಲ. 2009ರ ನೆರೆ, ಅದಾದ ಹತ್ತು ವರ್ಷಕ್ಕೆ 2019ರ ಆಗಸ್ಟ್ ತಿಂಗಳ ನೆರೆ, ಎರಡರಲ್ಲೂ ಕೃಷ್ಣಾ-ಘಟಪ್ರಭಾ ದಂಡೆಯ ಮಣ್ಣಿನ ಮನೆಗಳು ಹೇಗೆ ಕುಸಿದವು ಅನ್ನೋದನ್ನ ತಾವೇ ಕಣ್ಣಾರೆ ನೋಡಿದವರು. ಇನ್ನು ಬೀಳಗಿ, ಜಮಖಂಡಿ ಕಡೆಯ ಎಷ್ಟೋ ಕುಟುಂಬಗಳು ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರದಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡವು. ಹೀಗಾಗಿ ತೊಲೆ-ಜಂತಿ ಮಾಳಿಗೆಯಲ್ಲಿ ಬೆಳೆದ ನಾವು ಒಂದೇ ತಲೆಮಾರಿನಲ್ಲಿ ಆರ್‌ಸಿಸಿ ಮನೆಗೆ ಬಂದಿದ್ದೇವೆ. ತೊಲೆಯ ಗುಣ ನಮ್ಮ ಹಿರಿಯರಿಗೆ ಗೊತ್ತಿತ್ತು. ಯಾವ ಮರ, ಎಷ್ಟು ದಪ್ಪ, ಗೆದ್ದಲು ಹತ್ತಿದೆಯೋ ಇಲ್ಲವೋ ಎಂದು ಬಡಿದು ನೋಡಿ ಹೇಳುತ್ತಿದ್ದರು. ಸಿಮೆಂಟಿನ ಬೀಮಿನ ಗುಣ ಹೊರಗಿನಿಂದ ಕಾಣುವುದಿಲ್ಲ. ಗಿಲಾವು ಮಾಡಿ ಬಣ್ಣ ಹಚ್ಚಿದ ಮೇಲಂತೂ ಒಳ್ಳೆಯ ಬೀಮು, ಕೆಟ್ಟ ಬೀಮು ಎರಡೂ ಒಂದೇ ಥರ. ಅದಕ್ಕೇ ಈ ಸಲದ ಮಾತಿಗೆ ಬೀಮನ್ನೇ ಆರಿಸಿಕೊಂಡಿದ್ದೇವೆ.

ಇದು ಗಂಡಸರ ಮಾತು, ಗೌಂಡಿ ಮಾತು ಅಂತ ಅನಬ್ಯಾಡ್ರಿ. ಬುಟ್ಟಿ ಹೊರುವವರು ಯಾರು? ನೀರು ತಂದು ಹಾಕುವವರು ಯಾರು? ಕೊನೆಗೆ ಸಾಲದ ಕಂತು ಕಟ್ಟುವವರು ಯಾರು? ಹಾಗಿದ್ದಮೇಲೆ ಕೇಳುವ ಹಕ್ಕೂ ತಮಗೇ ಇದೆ.

ಮೊದಲು ಬೀಮು ಏನು ಕೆಲಸ ಮಾಡ್ತದ ಅಂತ ತಿಳಿಯೋಣ. ಹಸಿ ಕಬ್ಬಿನ ಗಳವೊಂದನ್ನು ಎರಡು ಕಲ್ಲಿನ ಮೇಲೆ ಅಡ್ಡ ಇಟ್ಟು ನಡುವೆ ಕಾಲಿಟ್ಟು ಒತ್ತಿ ನೋಡ್ರಿ. ಕಬ್ಬು ಬಾಗುತ್ತದೆ, ಆಮೇಲೆ ಸೀಳುತ್ತದೆ. ಸೀಳುವುದು ಎಲ್ಲಿಂದ? ಕೆಳಗಿನಿಂದ. ಮೇಲಿನ ಭಾಗ ಒತ್ತಿಕೊಳ್ಳುತ್ತದೆ, ಕೆಳಗಿನ ಭಾಗ ಹಿಗ್ಗಲು ಹೋಗಿ ಹರಿಯುತ್ತದೆ. ಮನೆಯ ಬೀಮಿಗೂ ಇದೇ ಆಗುವುದು. ಕಾಂಕ್ರೀಟು ಒತ್ತಡ ತಾಳುವುದರಲ್ಲಿ ಗಟ್ಟಿಗ. ಆದರೆ ಎಳೆತ ತಾಳುವ ಶಕ್ತಿ ಅದಕ್ಕೆ ಒತ್ತಡದ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು ಮಾತ್ರ. ಆದ್ದರಿಂದಲೇ ಎಳೆತ ಬೀಳುವ ಕಡೆ ಕಬ್ಬಿಣದ ಸಳಿ ಹಾಕುವುದು. ಎರಡು ಗೋಡೆ ಅಥವಾ ಎರಡು ಕಂಬದ ನಡುವಿನ ಬೀಮಿನಲ್ಲಿ ಮುಖ್ಯ ಸಳಿ ಕೆಳಗಡೆ ಇರಬೇಕು. ಬೀಮು ಕಂಬದ ಮೇಲೆ ಹಾದು ಮುಂದೆ ಹೋಗುವಲ್ಲಿ ಎಳೆತ ಮೇಲೆ ಬರುತ್ತದೆ, ಅಲ್ಲಿ ಮೇಲೂ ಸಳಿ ಬೇಕು.

ಛಜ್ಜಾ, ಬಾಲ್ಕನಿ ಮಾತ್ರ ಇದಕ್ಕೆ ಪೂರಾ ಉಲ್ಟಾ. ಒಂದು ಕಡೆ ಮಾತ್ರ ಗೋಡೆಯಲ್ಲಿ ಹೂತು ಇನ್ನೊಂದು ಕಡೆ ಗಾಳಿಯಲ್ಲಿ ನಿಂತಿರುವುದರಿಂದ ಅದರ ಎಳೆತ ಮೇಲ್ಭಾಗದಲ್ಲಿ. ಸಳಿ ಮೇಲಿರಬೇಕು. ಆದರೆ ಆಗುವುದು ಏನು? ಸಳಿಯನ್ನು ಮೇಲೆಯೇ ಕಟ್ಟಿರುತ್ತಾರೆ. ಆಮೇಲೆ ಕಾಂಕ್ರೀಟು ಹೊತ್ತ ಹೆಣ್ಣುಮಕ್ಕಳು, ಗಂಡುಮಕ್ಕಳು ಅದರ ಮೇಲೇ ಓಡಾಡುತ್ತಾರೆ, ಸಳಿ ತುಳಿದು ಕೆಳಗೆ ಕೂರುತ್ತದೆ. ಯಾರೂ ಎತ್ತಿ ಕಟ್ಟುವುದಿಲ್ಲ. ಸೆಂಟ್ರಿಂಗ್ ಬಿಚ್ಚಿದ ದಿನವೋ, ಮಳೆಗಾಲದಲ್ಲಿ ಯಾರಾದರೂ ಅದರ ಮೇಲೆ ಕುಳ್ಳು ಒಟ್ಟಿದ ದಿನವೋ ಛಜ್ಜಾ ಕಿತ್ತು ಬೀಳುತ್ತದೆ. ಛಜ್ಜಾದ ಕೆಳಗೆ ನೆರಳಿಗೆ ಕೂರುವವರು ಯಾರು ಅಂತ ಬೇರೆ ಹೇಳಬೇಕಿಲ್ಲ, ಅಜ್ಜಿ ಮತ್ತು ಮೊಮ್ಮಕ್ಕಳು. ಆದ್ದರಿಂದ ಕಾಂಕ್ರೀಟ್ ಹಾಕುವ ದಿನ ಸಳಿಯ ಮೇಲೆ ನಡೆಯದಂತೆ ಹಲಗೆ ಹಾಸಿ ದಾರಿ ಮಾಡಲು ಹೇಳ್ರಿ. ಹಲಗೆಗೆ ಖರ್ಚೇನೂ ಇಲ್ಲ, ಸೆಂಟ್ರಿಂಗಿನವರ ಹತ್ತಿರವೇ ಇರುತ್ತದೆ.

ಸಳಿ ಒಂದೆರಡು ಇಂಚು ಆಚೀಚೆ ಆದರೆ ಏನಾದೀತು ಅಂತ ಕೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. 12 ಇಂಚು ಎತ್ತರದ ಬೀಮು, ಸಳಿಯ ನಡುಮಧ್ಯ ತಳದಿಂದ ಒಂದೂವರೆ ಇಂಚು ಮೇಲಿದೆ ಅನ್ನಿ. ಆಗ ಬೀಮಿನ ತಲೆಯಿಂದ ಸಳಿಯವರೆಗೆ ಹತ್ತೂವರೆ ಇಂಚು. ಬೀಮಿನ ಶಕ್ತಿ ನಿಂತಿರುವುದು ಈ ಹತ್ತೂವರೆ ಇಂಚಿನ ಮೇಲೆ. ಸಳಿ ಎರಡು ಇಂಚು ಮೇಲಕ್ಕೆ ಎದ್ದು ಕುಳಿತರೆ ಅದು ಎಂಟೂವರೆ ಇಂಚಾಯಿತು. ಅಂದ್ರೆ ಸಿಮೆಂಟ್ ಅಷ್ಟೇ, ಕಬ್ಬಿಣ ಅಷ್ಟೇ, ದುಡ್ಡೂ ಅಷ್ಟೇ, ಶಕ್ತಿ ಮಾತ್ರ ಸುಮಾರು ಐದನೇ ಒಂದು ಪಾಲು ಹೋಯಿತು. ಹಾಗಂತ ಸಳಿಯನ್ನು ತಳದ ಹಲಗೆಗೇ ತಾಗಿಸಿ ಇಟ್ಟರೂ ಕೆಲಸ ಕೆಡುತ್ತದೆ. ಕೆಳಗೆ ಕಾಂಕ್ರೀಟಿನ ಹೊದಿಕೆ ಇಲ್ಲದಿದ್ದರೆ ನಾಲ್ಕೈದು ಮಳೆಗಾಲಕ್ಕೇ ಸಳಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಉಬ್ಬಿದಾಗ ಕೆಳಗಿನ ಕಾಂಕ್ರೀಟನ್ನು ಹೊಪ್ಪಳಿಕೆಯಂತೆ ಕಿತ್ತು ಕೆಡವುತ್ತದೆ. ಬೀಮಿಗೆ ಒಂದು ಇಂಚು, ಕಂಬಕ್ಕೆ ಒಂದೂವರೆ ಇಂಚು, ಸ್ಲ್ಯಾಬಿಗೆ ಮುಕ್ಕಾಲು ಇಂಚಿನಷ್ಟು ಹೊದಿಕೆ ಬೇಕು. ಇದಕ್ಕಾಗಿ ಕವರ್ ಬ್ಲಾಕ್ ಅಂತ ಸಣ್ಣ ಸಿಮೆಂಟ್ ಬಿಲ್ಲೆ ಸಿಗುತ್ತದೆ. ಮನೆಯಲ್ಲೇ ಸಿಮೆಂಟು-ಉಸುಕು ಗಟ್ಟಿಯಾಗಿ ಕಲಸಿ ಎರೆದು, ನೀರಲ್ಲಿ ನೆನೆಸಿ ಮಾಡಿಕೊಳ್ಳಲೂ ಬರುತ್ತದೆ. ಖಡಿ ಚೂರು, ಹೆಂಚಿನ ತುಂಡು ಇಟ್ಟರೆ ಕಾಂಕ್ರೀಟು ಬಿದ್ದ ಕೂಡಲೇ ಜಾರಿಹೋಗುತ್ತದೆ.

ಬೀಮಿಗೆ ಸುತ್ತುವ ರಿಂಗಿನ ಬಗ್ಗೆ ಗೌಂಡಿಗಳು ಹಗುರವಾಗಿ ಮಾತಾಡುತ್ತಾರೆ. ರಿಂಗು ಸಳಿ ಹಿಡಿದುಕೊಳ್ಳಲಿಕ್ಕೆ ಮಾತ್ರ ಅಂತ ಅವರ ತಿಳುವಳಿಕೆ. ಹಾಗಲ್ಲ. ಬೀಮು ನಡುವೆ ಬಾಗಿ ಮುರಿಯುವುದು ಒಂದು ಬಗೆ. ಕಂಬದ ಹತ್ತಿರ, ಗೋಡೆಯ ಹತ್ತಿರ ಓರೆಯಾಗಿ ಸೀಳಿಕೊಂಡು ಕತ್ತರಿಸಿ ಬೀಳುವುದು ಇನ್ನೊಂದು ಬಗೆ. ನಡುವೆ ಬಾಗುವ ಬೀಮು ಮುಂಚೆ ತಿಳಿಸುತ್ತದೆ, ಜೋತು ಬೀಳುತ್ತದೆ, ಬಿರುಕು ಬಿಡುತ್ತದೆ, ಬಾಗಿಲು ಸಿಕ್ಕಿಕೊಳ್ಳುತ್ತದೆ. ಓರೆ ಸೀಳು ಮಾತ್ರ ಹೇಳದೆ ಕೇಳದೆ ಬರುವಂಥಾದ್ದು. ಅದನ್ನು ತಡೆಯುವುದೇ ರಿಂಗು. ಆದ್ದರಿಂದ ಬೀಮಿನ ಎರಡೂ ತುದಿಗಳಲ್ಲಿ ರಿಂಗು ಹತ್ತಿರ ಹತ್ತಿರ ಇರಬೇಕು, ನಡುವೆ ಸ್ವಲ್ಪ ದೂರ ಇದ್ದರೂ ನಡೆದೀತು. ಎಷ್ಟು ಅಂತರ ಎಂಬುದು ನಕ್ಷೆಯಲ್ಲಿ ಇರುತ್ತದೆ. ರಿಂಗಿನ ತುದಿಯನ್ನು ಬರೀ ಮೂಲೆಗೆ ತಿರುಗಿಸಿ ಬಿಡದೆ ಒಳಕ್ಕೆ ಕೊಕ್ಕೆಯಂತೆ ಬಗ್ಗಿಸಿರಬೇಕು. ಕಾಂಕ್ರೀಟು ಸಪ್ಪೆಯಾದಾಗ ಮೊದಲು ಪೆಟ್ಟು ಬೀಳುವುದೂ ಈ ತುದಿಗಳಿಗೇ.

ಸಳಿ ಸಾಲದೆ ಜೋಡಿಸುವಾಗ ಒಂದರ ಮೇಲೊಂದು ಹಾಯಿಸುವ ಉದ್ದವನ್ನು ಕಡಿಮೆ ಮಾಡುತ್ತಾರೆ. 12 ಎಂಎಂ ಸಳಿಗೆ ಸುಮಾರು ಎರಡೂಕಾಲು ಅಡಿ ಹಾಯಬೇಕು. ಒಂದಡಿ ಹಾಯಿಸಿ ತಂತಿ ಸುತ್ತಿದರೆ ಎಳೆತ ಬಂದಾಗ ಜಾರಿ ಬರುತ್ತದೆ. ಕೆಳಗಿನ ಸಳಿಯ ಜೋಡಣೆ ಬೀಮಿನ ನಟ್ಟನಡುವೆ ಇರಬಾರದು, ಎಲ್ಲ ಸಳಿಗಳ ಜೋಡಣೆ ಒಂದೇ ಕಡೆಯೂ ಇರಬಾರದು. ಹಾಗಂತ ಹೆಚ್ಚು ಕಬ್ಬಿಣ ತುಂಬಿದಷ್ಟೂ ಒಳ್ಳೆಯದು ಅನ್ನುವವರೂ ಇದ್ದಾರೆ, ಅದೂ ಸರಿಯಲ್ಲ. ಸಳಿಗಳು ಒತ್ತೊತ್ತಾಗಿದ್ದರೆ ನಡುವೆ ಖಡಿ ಇಳಿಯದೆ ಪೊಳ್ಳಾಗುತ್ತದೆ. ದುಡ್ಡೂ ದಂಡ.

ಇನ್ನು ನೀರಿನ ಮಾತು. ನಮ್ಮ ಅಂದಾಜಿನಲ್ಲಿ ನಮ್ಮ ಭಾಗದ ಮನೆಗಳಲ್ಲಿ ಅತಿ ಹೆಚ್ಚು ಆಗುವ ತಪ್ಪು ಇದೇ. ನೀರು ಜಾಸ್ತಿ ಹಾಕಿದರೆ ಕಾಂಕ್ರೀಟು ತೆಳ್ಳಗೆ ಸಾರಿನಂತೆ ಹರಿಯುತ್ತದೆ, ಸುರಿಯುವವರಿಗೆ ಸುಲಭ, ಕೆಲಸ ಬೇಗ ಮುಗಿಯುತ್ತದೆ. ಆದರೆ ಸಿಮೆಂಟಿಗೆ ಬೇಕಾದ್ದಕ್ಕಿಂತ ಹೆಚ್ಚಾದ ನೀರು ಆಮೇಲೆ ಆವಿಯಾಗಿ ಹೋಗಿ ಒಳಗೆ ಕಣ್ಣಿಗೆ ಕಾಣದ ತೂತುಗಳನ್ನು ಬಿಡುತ್ತದೆ. ಆರ್‌ಸಿಸಿ ಕೆಲಸಕ್ಕೆ ಭಾರತೀಯ ಮಾನಕ ಸಂಸ್ಥೆ 2000ರಲ್ಲಿ ಹೊರಡಿಸಿದ ಐಎಸ್ 456 ನಿಯಮ ಹೇಳುವ ಕನಿಷ್ಠ ದರ್ಜೆ ಎಂ20. ಅಳತೆಯಲ್ಲಿ ಹೇಳಬೇಕೆಂದರೆ ಒಂದು ಚೀಲ ಸಿಮೆಂಟಿಗೆ ಒಂದೂವರೆ ಚೀಲದಷ್ಟು ಉಸುಕು, ಮೂರು ಚೀಲದಷ್ಟು ಖಡಿ. ಇದಕ್ಕೆ 50 ಕಿಲೋ ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಬೇಡ ಅಂತ ಅದೇ ನಿಯಮದಲ್ಲಿದೆ. ಹತ್ತು ಲೀಟರಿನ ಬಕೆಟು ಮೂರು. ಉಸುಕು ಹಸಿಯಾಗಿದ್ದರೆ ಅದರಲ್ಲಿರುವ ನೀರನ್ನೂ ಲೆಕ್ಕಕ್ಕೆ ಹಿಡಿದು ಇನ್ನೂ ಕಡಿಮೆ. 30ರ ಜಾಗದಲ್ಲಿ 40 ಲೀಟರ್ ಹಾಕಿದರೆ ಕಾಂಕ್ರೀಟಿನ ಶಕ್ತಿಯಲ್ಲಿ ಮೂರನೇ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಕೈಬಿಟ್ಟು ಹೋಗುತ್ತದೆ. ರೊಟ್ಟಿ ಹಿಟ್ಟಿಗೆ ಎಷ್ಟು ಎಸರು ಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಟ್ಟು ತೆಳ್ಳಗಾದರೆ ಬಡಿಯೋದು ಹ್ಯಾಂಗ? ಕಾಂಕ್ರೀಟಿಗೂ ಹಂಗೇ. ಮಿಕ್ಸರ್ ಹತ್ತಿರ ಬಕೆಟು ಎಣಿಸಲು ಒಬ್ಬರು ನಿಲ್ರಿ. ಚಹಾ ಕುಡಿದು ಬರುವಷ್ಟರಲ್ಲಿ ಬುಟ್ಟಿಯಲ್ಲಿ ಬಿಗಿಯಾದ ಮಾಲಿಗೆ ಮತ್ತೆ ನೀರು ಚಿಮುಕಿಸಿ ಹಾಕಲು ಬಂದರೆ ಬೇಡ ಅನ್ರಿ.

ಆ ನೀರು ಎಂಥದ್ದು ಎಂಬುದೂ ಮುಖ್ಯ. ಕುಡಿಯಲು ಯೋಗ್ಯವಾದ ನೀರು ಕಾಂಕ್ರೀಟಿಗೂ ಯೋಗ್ಯ. ಸವುಳು ಹತ್ತಿದ ಹೊಲದ ಬಾವಿ ನೀರಿನಲ್ಲಿ ಉಪ್ಪು ಹೆಚ್ಚಿರುತ್ತದೆ, ಅದು ಒಳಗಿನ ಸಳಿಗೆ ತುಕ್ಕು ತರುತ್ತದೆ. ನಮ್ಮ ಸೀಮೆಗೇ ವಿಶೇಷವಾದ ಇನ್ನೊಂದು ಮಾತು ಹೇಳಿಬಿಡುತ್ತೇವೆ. ಮಹಾಲಿಂಗಪುರ, ಮುಧೋಳ ಕಡೆ ಗಾಣದ ಮನೆಗಳಿವೆ, ಸಕ್ಕರೆ ಕಾರ್ಖಾನೆಗಳಿವೆ. ಬೆಲ್ಲದ ಪಾಕ, ಕಾಕಂಬಿ ತುಂಬಿದ್ದ ಹಳೇ ಡ್ರಮ್ಮು ಅಗ್ಗಕ್ಕೆ ಸಿಗುತ್ತವೆ ಅಂತ ಮನೆ ಕೆಲಸಕ್ಕೆ ನೀರು ತುಂಬಲು ತರುತ್ತಾರೆ. ಸಕ್ಕರೆಗೂ ಸಿಮೆಂಟಿಗೂ ಆಗಿಬರುವುದಿಲ್ಲ. ಒಂದು ಚೀಲ ಸಿಮೆಂಟಿಗೆ 25 ಗ್ರಾಂ ಸಕ್ಕರೆ ಸೇರಿದರೂ ಗಟ್ಟಿಯಾಗುವುದು ತಾಸುಗಟ್ಟಲೆ ತಡವಾಗುತ್ತದೆ, ಅರ್ಧ ಕಿಲೋ ಸೇರಿದರೆ ಗಟ್ಟಿಯಾಗುವುದೇ ಇಲ್ಲ ಅನ್ನಬಹುದು. ಡ್ರಮ್ಮು ಚೆನ್ನಾಗಿ ತೊಳೆದೇ ಬಳಸ್ರಿ.

ಕಾಂಕ್ರೀಟು ಸುರಿದ ಮೇಲೆ ಕುಟ್ಟಿ ಕೂರಿಸಬೇಕು. ವೈಬ್ರೇಟರ್ ಬಾಡಿಗೆ ಉಳಿಸಲು ಸಳಿಯಿಂದ ನಾಲ್ಕು ಸಲ ತಿವಿದು ಮುಂದೆ ಹೋಗುತ್ತಾರೆ. ಹಲಗೆ ಬಿಚ್ಚಿದಾಗ ಬೀಮಿನ ಬದಿಯಲ್ಲಿ ಜೇನುಗೂಡಿನಂತೆ ಖಡಿ ಕಾಣುತ್ತದೆ. ಕಾಂಕ್ರೀಟಿನಲ್ಲಿ ನೂರಕ್ಕೆ ಐದು ಪಾಲು ಪೊಳ್ಳು ಉಳಿದರೆ ಶಕ್ತಿ ನೂರಕ್ಕೆ ಮೂವತ್ತರಷ್ಟು ಇಳಿಯಬಹುದು ಎಂಬುದು ಪ್ರಯೋಗಗಳಿಂದ ಗೊತ್ತಾದ ಮಾತು. ಇಂಥ ಜಾಗ ಕಂಡರೆ ರಾತ್ರೋರಾತ್ರಿ ಸಿಮೆಂಟ್ ಮೆತ್ತಿ ಮುಚ್ಚಲು ಬಿಡಬ್ಯಾಡ್ರಿ. ಫೋಟೊ ತೆಗೆದು ಇಂಜಿನಿಯರಿಗೆ ತೋರಿಸ್ರಿ, ಸಡಿಲ ಭಾಗ ಕೆತ್ತಿ ಸರಿಯಾಗಿ ತುಂಬುವ ವಿಧಾನ ಬೇರೆ ಇದೆ. ಇನ್ನು ಬೀಮಿನ ಕಾಂಕ್ರೀಟನ್ನು ಅರ್ಧಕ್ಕೆ ನಿಲ್ಲಿಸಿ ನಾಳೆ ನೋಡೋಣ ಅನ್ನುವುದು ಬೇಡ. ಕರೆಂಟು ಹೋಗುತ್ತದೆ, ಮಾಲು ಸಾಲದೆ ಬರುತ್ತದೆ, ಹೀಗಾಗಿ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡುವುದಿಲ್ಲ. ಮಾಲೆಲ್ಲ ಬಂದು ಬಿದ್ದ ಮೇಲೇ ದಿನ ಗೊತ್ತು ಮಾಡ್ರಿ.

ಆಮೇಲಿನ ಕೆಲಸ ನಮ್ಮದೇ: ನೀರುಣಿಸೋದು. ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಅದು ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಬಾಣಂತನದ ಆರೈಕೆ ಇದ್ದ ಹಾಗೆ, ಮೊದಲ ದಿನಗಳಲ್ಲಿ ತಪ್ಪಿದ್ದನ್ನು ಆಮೇಲೆ ತುಂಬಿಕೊಡಲು ಆಗುವುದಿಲ್ಲ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟು, ಅದಕ್ಕೆ, ಜೊತೆಗೆ ಬಿಸಿಲು ಬಿರುಸಾಗಿದ್ದರೆ, ಕನಿಷ್ಠ 10 ದಿನ. ನಮ್ಮ ಏಪ್ರಿಲ್-ಮೇ ಬಿಸಿಲಿಗೆ 14 ದಿನ ಹಿಡಿದರೆ ಒಳ್ಳೆಯದು. ಸ್ಲ್ಯಾಬಿನ ಮೇಲೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುತ್ತೇವೆ, ಸರಿ. ಆದರೆ ಬೀಮಿನ ಬದಿ ಮರೆತುಹೋಗುತ್ತದೆ, ಕಂಬ ಮರೆತುಹೋಗುತ್ತದೆ. ಅಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಗೋಣಿಚೀಲ ಸುತ್ತಿ ಅದನ್ನು ಸದಾ ಹಸಿಯಾಗಿ ಇಡಬೇಕು. ಬೆಳಿಗ್ಗೆ ಒಂದು ಕೊಡ ಸುರಿದು ಕಬ್ಬಿನ ಕೆಲಸಕ್ಕೆ ಹೋಗಿ ಸಂಜೆ ಬಂದು ಇನ್ನೊಂದು ಕೊಡ ಸುರಿದರೆ ಮಧ್ಯಾಹ್ನದ ಬಿಸಿಲು ಬೆಳಗಿನದನ್ನೆಲ್ಲ ಕುಡಿದಿರುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಕಷ್ಟ ಇರುವ ಓಣಿಗಳಲ್ಲಿ ಇದು ಎಂಥ ಭಾರ ಎಂದು ನಮಗೆ ಗೊತ್ತು. ಅದಕ್ಕೇ ಮಳೆಗಾಲ ಮುಗಿದ ಮೇಲೆ ಸ್ಲ್ಯಾಬ್ ಹಾಕುವಂತೆ ಯೋಜನೆ ಮಾಡಿಕೊಳ್ಳಿ ಅಂತ ನಮ್ಮ ಸಲಹೆ. ಸಂಘದ ನಾಲ್ಕು ಮನೆಯವರು ಪಾಳಿ ಮಾಡಿಕೊಂಡರೂ ಆಗುತ್ತದೆ, ಕೆಲವು ಸಂಘಗಳು ಹೀಗೆ ಮಾಡಿವೆ.

ಒಬ್ಬ ಸದಸ್ಯೆಯ ಮನೆಯ ವಿಷಯ ಹೇಳುತ್ತೇವೆ, ಊರು-ಹೆಸರು ಬೇಡ. ಪಡಸಾಲೆಯ ಬೀಮು ಹದಿನಾರು ಅಡಿಯದು. ಸಂಘದಿಂದ ಅರವತ್ತು ಸಾವಿರ ತೆಗೆದಿದ್ದರು, ಉಳಿದದ್ದು ಬಂಗಾರ ಅಡವಿಟ್ಟದ್ದು. ಸೆಂಟ್ರಿಂಗಿನವನಿಗೆ ಬೇರೆ ಊರಲ್ಲಿ ಕೆಲಸ ಗೊತ್ತಾಗಿತ್ತು. ಎಂಟನೇ ದಿನ ಬಂದು ಪ್ಲೇಟು, ಕಂಬ ಎಲ್ಲ ಬಿಚ್ಚಿಕೊಂಡು ಹೋದ. ಮನೆಯವರೂ ಬಾಡಿಗೆ ಉಳಿಯಿತು ಅಂತ ಸುಮ್ಮನಿದ್ದರು. ತಿಂಗಳೊಳಗೆ ಬೀಮು ನಡುವೆ ಬೆರಳು ದಪ್ಪ ಜೋತು, ತಳದಲ್ಲಿ ಬಿರುಕು ಸಾಲಾಗಿ ಬಂದವು. ಇಂಜಿನಿಯರು ಬಂದು ನೋಡಿ ನಡುವೆ ಒಂದು ಕಂಬ ಎಬ್ಬಿಸಬೇಕು ಅಂದರು. ಹೊಸ ಪಡಸಾಲೆಯ ನಟ್ಟನಡುವೆ ಕಂಬ! ಆ ತಾಯಿಗೆ ಸಾಲದ ಕಂತಿನ ಜೊತೆಗೆ ಕಂಬದ ಖರ್ಚೂ ಬಿತ್ತು. ಜೀವಕ್ಕೆ ಏನೂ ಆಗಲಿಲ್ಲ, ಅದೇ ದೊಡ್ಡದು.

ಎಂಟು ದಿನಕ್ಕೆ ಕಾಂಕ್ರೀಟು ಹೊರಗಿನಿಂದ ಕಲ್ಲಿನಂತೆ ಕಾಣುತ್ತದೆ. ಆದರೆ ಏಳು ದಿನಕ್ಕೆ ಅದಕ್ಕೆ ಬಂದಿರುವುದು ಪೂರ್ತಿ ಶಕ್ತಿಯ ಸುಮಾರು ಮೂರನೇ ಎರಡು ಪಾಲು. ಲೆಕ್ಕದ ಶಕ್ತಿ ಬರುವುದು 28 ದಿನಕ್ಕೆ. ಐಎಸ್ 456ರ ಪ್ರಕಾರ ಬೀಮಿನ ಬದಿಯ ಹಲಗೆಯನ್ನು ಒಂದು ದಿನಕ್ಕೇ ತೆಗೆಯಬಹುದು. ಆದರೆ ಬೀಮಿಗೆ ಕೊಟ್ಟ ಊರುಗಂಬಗಳನ್ನು 6 ಮೀಟರ್, ಅಂದರೆ ಸುಮಾರು 20 ಅಡಿ ಉದ್ದದವರೆಗೆ 14 ದಿನ, ಅದಕ್ಕಿಂತ ಉದ್ದವಾದರೆ 21 ದಿನ ಮುಟ್ಟಬಾರದು. ಇದು ಸಾದಾ ಸಿಮೆಂಟಿನ ಲೆಕ್ಕ, ಪಿಪಿಸಿ ಆದರೆ ಇನ್ನೂ ಒಂದು ವಾರ ಸೇರಿಸ್ರಿ. ಸೆಂಟ್ರಿಂಗಿನವರ ಜೊತೆ ಮಾತಾಡುವಾಗಲೇ ದಿನ ಎಷ್ಟು, ಬಾಡಿಗೆ ಎಷ್ಟು ಅಂತ ಕಾಗದದ ಮೇಲೆ ಬರೆಸಿಕೊಳ್ರಿ. ಆಮೇಲೆ ಜಗಳ ಮಾಡುವುದಕ್ಕಿಂತ ಮೊದಲೇ ಬರೆಯುವುದು ಸುಲಭ.

ಸರಕಾರದ ಮನೆಗಳ ವಿಷಯಕ್ಕೆ ಬಂದರೆ ಇನ್ನೊಂದು ತೊಡಕಿದೆ. 2019ರ ನೆರೆಯಲ್ಲಿ ಪೂರ್ಣ ಬಿದ್ದ ಮನೆಗಳಿಗೆ ರಾಜ್ಯ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಣ ಬಂದದ್ದು ಕಂತಿನಲ್ಲಿ. ಬುನಾದಿ ಆದ ಮೇಲೆ ಫೋಟೊ, ಮತ್ತೆ ಕಂತು, ಮತ್ತೆ ಫೋಟೊ. ವಸತಿ ಯೋಜನೆಗಳಲ್ಲೂ ರೀತಿ ಇದೇ. ಕಂತು ತಡವಾದಾಗ ಕಂಬದ ಸಳಿಗಳು ತಿಂಗಳುಗಟ್ಟಲೆ ಮಳೆಗೆ ನೆನೆದು ತುಕ್ಕು ಹಿಡಿಯುತ್ತವೆ, ತಂದಿಟ್ಟ ಸಿಮೆಂಟು ಗಂಟಾಗುತ್ತದೆ. ನಿಂತ ಸಳಿಗೆ ಸಿಮೆಂಟ್ ಹಾಲು ಬಳಿದು ಪ್ಲಾಸ್ಟಿಕ್ ಕಟ್ಟಿಡ್ರಿ, ಕೆಲಸ ಮತ್ತೆ ಶುರುವಾದಾಗ ತಂತಿ ಬ್ರಷ್ಷಿನಿಂದ ಉಜ್ಜಿಸ್ರಿ. ಸಿಮೆಂಟು ಮೂರು ತಿಂಗಳು ಇಟ್ಟರೆ ಶಕ್ತಿಯಲ್ಲಿ ಐದನೇ ಒಂದು ಪಾಲು ಕಳೆದುಕೊಂಡಿರುತ್ತದೆ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ, ಓದಿ ತಗೊಳ್ರಿ. ಕಬ್ಬಿಣವನ್ನು ತೂಗಿಸಿ ನೋಡ್ರಿ. 12 ಮೀಟರ್ ಉದ್ದದ ಒಂದು ಸಳಿ 8 ಎಂಎಂ ಆದರೆ ಸುಮಾರು 4.7 ಕಿಲೋ, 10 ಎಂಎಂ 7.4, 12 ಎಂಎಂ 10.7, 16 ಎಂಎಂ 19 ಕಿಲೋ ಬರಬೇಕು. ಬಹಳ ಕಡಿಮೆ ಬಂದರೆ ಸಳಿ ಹೇಳಿದಷ್ಟು ದಪ್ಪ ಇಲ್ಲ ಅಂತಲೇ ಅರ್ಥ.

ಶುಭಸಂದೇಶದಲ್ಲಿ ಯೇಸುಸ್ವಾಮಿ ಬಂಡೆಯ ಮೇಲೆ ಮನೆ ಕಟ್ಟಿದವನ, ಮರಳಿನ ಮೇಲೆ ಕಟ್ಟಿದವನ ಸಾಮತಿ ಹೇಳಿದ್ದಾರೆ, ಎಷ್ಟೋ ಜನರಿಗೆ ಗೊತ್ತು. ನಮ್ಮ ಎರಿ ಭೂಮಿಯಲ್ಲಿ ಬಂಡೆ ಹುಡುಕಿಕೊಂಡು ಹೋದರೆ ಮನೆಯೇ ಆಗುವುದಿಲ್ಲ! ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಗಟ್ಟಿ ಗರಸು ಸಿಗುವವರೆಗೆ ಅಗೆಯದೆ, ನೆಲಮಟ್ಟದ ಬೀಮು ಬಿಟ್ಟು ಕಟ್ಟಿದರೆ ಒಂದು ಕಂಬ ಇಳಿದು, ಮೇಲಿನ ಬೀಮು ಎಷ್ಟೇ ಚೆನ್ನಾಗಿದ್ದರೂ ತಿರುಚಿ ಬಿರಿಯುತ್ತದೆ.

ಕಟ್ಟಡ ಬೀಳುವುದು ದೂರದ ಮಾತಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಹಾಡಹಗಲೇ ಕುಸಿದು 19 ಜನ ಸತ್ತರು. ಎರಡು ದಿನ ಕಳೆದ ಮೇಲೂ ಅವಶೇಷದಿಂದ ಜೀವಂತವಾಗಿ ಜನರನ್ನು ತೆಗೆದರು. 2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಇನ್ನೂ ಕೆಲಸ ಮುಗಿಯದ ಕಟ್ಟಡ ಬಿದ್ದು 9 ಜನ ಹೋದರು, ಅವರು ಅಲ್ಲಿ ದುಡಿಯುತ್ತಿದ್ದ ಕೂಲಿಕಾರರು. ನಮ್ಮ ಊರುಗಳಿಂದಲೂ ಗೋವಾ, ಮಂಗಳೂರು, ಬೆಂಗಳೂರಿಗೆ ಇದೇ ಕೆಲಸಕ್ಕೆ ಹೋಗುವವರು ಮನೆಗೊಬ್ಬರು ಇದ್ದಾರೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವಯಸ್ಸಿನೊಳಗಿನವರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಬುಟ್ಟಿ ಹೊರುವ ಹೆಣ್ಣುಮಕ್ಕಳಿಗೂ ಈ ಕಾರ್ಡು ಉಂಟು. ಗಂಡನ ಹೆಸರಿನಲ್ಲಿ ಮಾತ್ರ ಮಾಡಿಸಿ ಸುಮ್ಮನಾಗಬ್ಯಾಡ್ರಿ.

ಈಗಾಗಲೇ ಕಟ್ಟಿದ ಮನೆಯಲ್ಲಿ ಇರುವವರು ಕೇಳಬಹುದು, ನಮ್ಮ ಬೀಮಿನ ಗತಿ ಏನು ಅಂತ. ಗಿಲಾವಿನ ಮೇಲೆ ಕೂದಲೆಳೆಯಂಥ ಗೆರೆಗಳು ಎಲ್ಲ ಮನೆಯಲ್ಲೂ ಇರುತ್ತವೆ, ಹೆದರಬೇಕಾಗಿಲ್ಲ. ಲಗ್ನಪತ್ರಿಕೆಯ ದಪ್ಪ ಕಾಗದದ ಅಂಚು ಒಳಗೆ ಹೋಗುವಷ್ಟು ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಡ್ರಿ. ತಿಂಗಳಿಗೆ ಗೆರೆ ದಾಟಿ ಮುಂದೆ ಹೋಗಿದೆಯೋ ನೋಡ್ರಿ. ಹೋಗಿದ್ದರೆ ಇಂಜಿನಿಯರನ್ನು ಕರೆಸಬೇಕು. ಕಂಬದ ಹತ್ತಿರ ಓರೆಯಾಗಿ ಬಿರುಕು ಬಂದಿದ್ದರೆ ತಿಂಗಳು ಕಾಯುವ ಮಾತೇ ಇಲ್ಲ. ಅಂದೇ ಬೀಮಿನ ಕೆಳಗೆ ಗಟ್ಟಿ ಊರುಗಂಬ ಕೊಡಿಸಿ, ಆ ಖೋಲಿಯಲ್ಲಿ ಮಲಗುವುದನ್ನು ನಿಲ್ಲಿಸಿ, ಮಾಳಿಗೆ ಮೇಲಿನ ಚೀಲ, ಕಲ್ಲು, ನೀರಿನ ಟಾಕಿ ಇಳಿಸಿರಿ. ತಳದಲ್ಲಿ ಕೆಂಪು ಕಲೆ ಮೂಡಿ ಚಕ್ಕೆ ಏಳುತ್ತಿದ್ದರೆ ಒಳಗೆ ತುಕ್ಕು ಶುರುವಾಗಿದೆ ಎಂದು ತಿಳಿಯಿರಿ, ಅದರ ಮೇಲೆ ಮತ್ತೆ ಗಿಲಾವು ಮಾಡಿಸುವುದು ಗಾಯದ ಮೇಲೆ ಪೌಡರ್ ಹಚ್ಚಿದಂತೆ. ಮೇಲೊಂದು ಮಹಡಿ ಏರಿಸುವ ವಿಚಾರ ಇದ್ದವರು ಕೆಳಗಿನ ಬೀಮು, ಕಂಬ, ಬುನಾದಿ ಅದನ್ನು ತಾಳುತ್ತವೆಯೇ ಎಂದು ಮೊದಲು ಲೆಕ್ಕ ಮಾಡಿಸಲೇಬೇಕು. ಕರೆಂಟಿನವರು, ನಳದವರು ಪೈಪು ಹಾಯಿಸಲು ಬೀಮು ಕೊರೆಯಲು ಬಂದರೆ ಕೈ ಹಿಡಿದು ನಿಲ್ಲಿಸಿರಿ.

ಮುಂದಿನ ಸಭೆಗೆ ಮನೆ ಕಟ್ಟಿಸಲು ಸಾಲ ಕೇಳಿದವರು ತಮ್ಮ ನಕ್ಷೆ, ಇಂಜಿನಿಯರು ಬರೆದುಕೊಟ್ಟ ಸಳಿಯ ಪಟ್ಟಿ ತಗೊಂಡು ಬರ್ರಿ. ಬೀಮಿನಲ್ಲಿ ಯಾವ ಸಳಿ ಎಲ್ಲಿ ಬರುತ್ತದೆ, ರಿಂಗು ಎಷ್ಟು ಅಂತರದಲ್ಲಿವೆ ಎಂಬುದನ್ನು ಓದುವುದು ಹೇಗೆ ಅಂತ ಕೂತು ನೋಡೋಣ. ನಕ್ಷೆ ಇಲ್ಲದವರು ಇಲ್ಲ ಅಂತಲೇ ಹೇಳ್ರಿ, ಸಂಕೋಚ ಬೇಡ. ಸ್ಲ್ಯಾಬ್ ಹಾಕುವ ಮೊದಲು ನಕ್ಷೆ ಮಾಡಿಸಲು ಸಮಯ ಇದೆ.